ಹಲ್ಲು ನೋಡಿ ರಾಸುಗಳ ವಯಸ್ಸು ತಿಳಿಯುವುದು

ಘಾಟಿ ಸುಬ್ರಹ್ಮಣ್ಯದಂತಹ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತರು ಮೊದಲು ನೋಡುವುದು ಅದರ ಬಾಯಿಯನ್ನು. ವಯಸ್ಸನ್ನು ತಪ್ಪಾಗಿ ಎಣಿಸಿದರೆ ಕೊಟ್ಟ ಹಣಕ್ಕೆ ತಕ್ಕಷ್ಟು ವರ್ಷ ಉಳುಮೆ ದೊರೆಯುವುದಿಲ್ಲ. ಕೊಂಬಿನ ಉಂಗುರಗಳನ್ನು ಹೆರೆದು ಅಳಿಸಬಹುದಾದುದರಿಂದ ಹಲ್ಲಿನ ಪರೀಕ್ಷೆಯೇ ಹೆಚ್ಚು ನಂಬಲರ್ಹ.

ಹಲ್ಲುಗಳ ವಿಧ: ದನಗಳ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳಿರುವುದಿಲ್ಲ. ಅಲ್ಲಿ ಗಟ್ಟಿಯಾದ ಒಸಡಿನ ಮೆತ್ತೆ ಇರುತ್ತದೆ. ಕೆಳದವಡೆಯ ಮುಂಭಾಗದಲ್ಲಿ 8 ಬಾಚಿ ಹಲ್ಲುಗಳಿರುತ್ತವೆ. ಮೇವನ್ನು ಅರೆಯುವ ದವಡೆ ಹಲ್ಲುಗಳು ಎರಡೂ ದವಡೆಗಳಲ್ಲಿ ಪಕ್ಕಕ್ಕೆ ಆರರಂತೆ ಒಟ್ಟು 24. ಹೀಗೆ ಬೆಳೆದ ರಾಸಿಗೆ 32 ಹಲ್ಲುಗಳು. ಕರುವಿಗೆ 8 ಬಾಚಿ ಹಲ್ಲು, 12 ದವಡೆ ಹಲ್ಲು ಸೇರಿ 20 ಹಾಲು ಹಲ್ಲುಗಳು ಮಾತ್ರ.

ಹಲ್ಲಿನ ಭಾಗಗಳು: ಒಸಡಿನ ಮೇಲೆ ಕಾಣುವುದು ತಲೆ, ಒಸಡಿನೊಳಗೆ ಹುದುಗಿರುವುದು ಬೇರು, ಇವೆರಡರ ನಡುವಿನದು ಕುತ್ತಿಗೆ. ಹಾಲು ಹಲ್ಲು ಚಿಕ್ಕದು, ಬಿಳುಪು, ಕುತ್ತಿಗೆ ಸಣ್ಣ. ಶಾಶ್ವತ ಹಲ್ಲು ಅಗಲವಾಗಿದ್ದು ತುಸು ಹಳದಿ ಛಾಯೆ ಹೊಂದಿರುತ್ತದೆ. ಕರುವಿಗೂ 8 ಬಾಚಿ ಹಲ್ಲುಗಳಿರುವುದರಿಂದ ಕೇವಲ ಎಣಿಸಿದರೆ ಸಾಲದು. ಶಾಶ್ವತ ಹಲ್ಲುಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ವಯಸ್ಸಿನ ಅಂದಾಜು: ಶಾಶ್ವತ ಬಾಚಿ ಹಲ್ಲುಗಳು ನಡುವಿನಿಂದ ಜೊತೆ ಜೊತೆಯಾಗಿ ಮೂಡುತ್ತವೆ.

1. ಎರಡು ಹಲ್ಲು – ಸುಮಾರು 2 ರಿಂದ 2½ ವರ್ಷ
2. ನಾಲ್ಕು ಹಲ್ಲು – ಸುಮಾರು 2½ ರಿಂದ 3 ವರ್ಷ
3. ಆರು ಹಲ್ಲು – ಸುಮಾರು 3 ರಿಂದ 3½ ವರ್ಷ
4. ಎಂಟು ಹಲ್ಲು, ಅಂದರೆ ಬಾಯಿಗೂಡಿದ ರಾಸು – ಸುಮಾರು 4 ರಿಂದ 4½ ವರ್ಷ

ನಾಟಿ ತಳಿಗಳಲ್ಲಿ ಇದು ಕೆಲವು ತಿಂಗಳು ತಡವಾಗಬಹುದು; ಎಮ್ಮೆಗಳಲ್ಲಿ ಇನ್ನೂ ತಡ. ಬಾಯಿಗೂಡಿದ ಮೇಲೆ ಸವೆತವೇ ಗುರುತು. ನಡುವಿನ ಜೊತೆ ಮೊದಲು ಸವೆದು ಚಪ್ಪಟೆಯಾಗುತ್ತದೆ, ಅಂಚಿನವು ಕೊನೆಗೆ. ಮುಪ್ಪಿನಲ್ಲಿ ಹಲ್ಲುಗಳು ಮೋಟಾಗಿ ನಡುವೆ ಸಂದು ಬೀಳುತ್ತದೆ. ಒರಟು ಮೇವು, ಮರಳು ನೆಲದ ಮೇಯುವಿಕೆಯಿಂದ ಸವೆತ ಬೇಗ ಆಗುವುದರಿಂದ ಈ ಹಂತದ ಅಂದಾಜು ಅಷ್ಟು ಖಚಿತವಲ್ಲ.

ಬಾಯಿ ತೆರೆದಾಗ ನಾಲಿಗೆ, ಒಸಡುಗಳನ್ನೂ ನೋಡಬೇಕು. ಜೊಲ್ಲು ಸುರಿಯುತ್ತಿದ್ದು ಬೊಬ್ಬೆ ಅಥವಾ ಹುಣ್ಣುಗಳಿದ್ದರೆ ಕಾಲುಬಾಯಿ ಜ್ವರವಿರಬಹುದು. ಅಂತಹ ರಾಸನ್ನು ಕೊಟ್ಟಿಗೆಗೆ ತರಬಾರದು. ಅಗಿಯುವ ಮೇವನ್ನು ಬಾಯಿಂದ ಉದುರಿಸುವ ರಾಸಿನ ದವಡೆ ಹಲ್ಲು ಕೆಟ್ಟಿರುವ ಸಂಭವವುಂಟು. ಅದನ್ನು ಪಶುವೈದ್ಯರಿಗೆ ತೋರಿಸಿದ ನಂತರವೇ ವ್ಯಾಪಾರ ಮುಗಿಸುವುದು ಲೇಸು.