ನಾವು ಯಾವ ಜಿಲ್ಲೆಯ ಲೆಕ್ಕದಲ್ಲಿ?

ಊರಿನವರಿಗೆ ಮುಂಬಯಿ ಅಂದರೆ ಒಂದೇ. ಸರಕಾರದ ಕಡತದಲ್ಲಿ ಮಾತ್ರ ಅದು ಎರಡು ಜಿಲ್ಲೆ. ಕೊಲಾಬಾದಿಂದ ಮಾಹಿಮ್, ಸಾಯನ್‌ವರೆಗೆ ಮುಂಬಯಿ ನಗರ ಜಿಲ್ಲೆ. ಏಳು ದ್ವೀಪಗಳ ನಡುವಿನ ಸಮುದ್ರ ಮುಚ್ಚಿ ಮಾಡಿದ ನೆಲ, 157 ಚದರ ಕಿಲೋಮೀಟರು. ಬಾಂದ್ರಾ, ಕುರ್ಲಾಗಳಿಂದ ದಹಿಸರ್, ಮುಲುಂಡ್‌ವರೆಗೆ 446 ಚದರ ಕಿಲೋಮೀಟರಿನ ಉಪನಗರ ಜಿಲ್ಲೆ. ಇದು ಬೇರೆಯಾದದ್ದು 1990ರಲ್ಲಿ.

2011ರ ಜನಗಣತಿಯಂತೆ ಎರಡೂ ಸೇರಿ 1.24 ಕೋಟಿ ಜನ. ಹೋಲಿಕೆಗೆ ನಮ್ಮ ಕೊಡಗನ್ನು ನೋಡಿ: 4,102 ಚದರ ಕಿಲೋಮೀಟರು, 5.54 ಲಕ್ಷ ಜನ. ಅಂದರೆ ಕೊಡಗಿನ ಸುಮಾರು ಏಳನೇ ಒಂದು ಪಾಲು ನೆಲದಲ್ಲಿ ಇಪ್ಪತ್ತೆರಡು ಪಟ್ಟು ಜನ! ಎರಡೂ ಜಿಲ್ಲೆಗಳ ಗ್ರಾಮೀಣ ಜನಸಂಖ್ಯೆಯ ಕಾಲಂನಲ್ಲಿ ಇರುವುದು ಸೊನ್ನೆ. ಆದರೆ ವರ್ಲಿ, ವರ್ಸೋವಾದ ಕೋಳಿವಾಡಗಳಲ್ಲಿ ಇಂದಿಗೂ ಮೀನು ಒಣಗುತ್ತದೆ, ಆರೆಯ ಕಾಡಿನೊಳಗೆ ವಾರ್ಲಿ ಆದಿವಾಸಿಗಳ ಪಾಡಾಗಳಿವೆ. ಹಳ್ಳಿ ಇದೆ, ಲೆಕ್ಕದಲ್ಲಿಲ್ಲ.

ಇನ್ನೊಂದು ಅಂಕಿ ನನಗೆ ಹೆಚ್ಚು ಹತ್ತಿರದ್ದು. 2001ರಿಂದ 2011ರ ನಡುವೆ ನಗರ ಜಿಲ್ಲೆಯ ಜನಸಂಖ್ಯೆ 33.38 ಲಕ್ಷದಿಂದ 30.85 ಲಕ್ಷಕ್ಕೆ ಇಳಿಯಿತು. ಉಪನಗರದ್ದು 86.40ರಿಂದ 93.57 ಲಕ್ಷಕ್ಕೆ ಏರಿತು. ಪಕ್ಕದ ಠಾಣೆ ಜಿಲ್ಲೆ (ಆಗ ಪಾಲ್ಘರ್ ಕೂಡ ಅದರಲ್ಲೇ ಇತ್ತು) 81 ಲಕ್ಷದಿಂದ 110 ಲಕ್ಷಕ್ಕೆ ಜಿಗಿಯಿತು. ಗಿರಣಿಗಳು ಮುಚ್ಚಿದವು, ಚಾಳುಗಳ ಜಾಗದಲ್ಲಿ ಟವರುಗಳೆದ್ದವು, ಬೆಲೆ ತಾಳಲಾರದವರು ರೈಲು ಹಳಿ ಹಿಡಿದು ಉತ್ತರಕ್ಕೆ ಸರಿದರು.

ನಮ್ಮವರೂ ಹಾಗೆಯೇ. ಫೋರ್ಟಿನ ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತ ತಲೆಮಾರಿನ ಮಕ್ಕಳು ಇಂದು ಡೊಂಬಿವಲಿ, ಮೀರಾ ರೋಡ್, ವಸಾಯಿಗಳಲ್ಲಿದ್ದಾರೆ. ಮೈಸೂರು ಅಸೋಸಿಯೇಷನ್ ಮಾಟುಂಗಾದಲ್ಲೇ ಇದೆ, ಸದಸ್ಯರ ಮನೆಗಳು ದೂರವಾಗಿವೆ. ನಾನೂ ಡೊಂಬಿವಲಿಯವನೇ. ಪೊವಾಯಿಯ ಕಚೇರಿಯಲ್ಲಿ ದಿನಕ್ಕೆ ಹತ್ತು ಗಂಟೆ ಕಳೆದರೂ ಜನಗಣತಿಗೆ ನಾನು ಠಾಣೆ ಜಿಲ್ಲೆಯವ. ಗಣತಿ ಎಣಿಸುವುದು ವಾಸವಿರುವಲ್ಲಿ.

ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯೆಂದು 2011ರಲ್ಲಿ ಬರೆಸಿದವರು ಸುಮಾರು 10 ಲಕ್ಷ. ಅವರಲ್ಲಿ ಸೊಲ್ಲಾಪುರ, ಸಾಂಗ್ಲಿಯ ಗಡಿನಾಡಿನವರೂ ಸೇರಿದ್ದಾರೆ. ಗಣತಿದಾರರು ಮುಂದಿನ ಬಾರಿ ಬಾಗಿಲು ತಟ್ಟಿದಾಗ ಅವಸರದಲ್ಲಿ "ಹಿಂದಿ, ಮರಾಠಿ ಏನೋ ಒಂದು ಬರ್ಕೊಳ್ಳಿ" ಅನ್ನಬೇಡಿ. ಮನೆಮಾತು ತುಳುವಾದರೆ ತುಳು, ಕೊಂಕಣಿಯಾದರೆ ಕೊಂಕಣಿ, ಕನ್ನಡವಾದರೆ ಕನ್ನಡ ಎಂದೇ ಹೇಳಿ. ಮಕ್ಕಳದ್ದನ್ನೂ ಬರೆಸಿ. ಊರು ನಕಾಶೆಯಲ್ಲಿ ಎಲ್ಲೇ ಸರಿಯಲಿ, ಈ ಒಂದು ಕಾಲಂ ನಮ್ಮ ಕೈಯಲ್ಲಿದೆ.