ಪಟ್ಟಿ, ಬಾಬತ್ತು, ಠರಾವು: ಬೆಳಗಾವಿ ಪರಿಸರದ ಪೌರಾಡಳಿತವನ್ನು ಕುರಿತ ಒಂದು ಜಾನಪದೀಯ ವಿವೇಚನೆ

ನಗರಪಾಲಿಕೆಯ ಆಯವ್ಯಯವು ಜಾನಪದ ಅಧ್ಯಯನದ ವ್ಯಾಪ್ತಿಗೆ ಬರುವ ವಸ್ತುವೇ ಎಂಬ ಪ್ರಶ್ನೆಯನ್ನು ಆರಂಭದಲ್ಲಿಯೇ ಎದುರಿಸಬೇಕಾಗಿದೆ. ನಮ್ಮ ಕ್ಷೇತ್ರಕಾರ್ಯವು ಬಹುಮಟ್ಟಿಗೆ ಹಾಡು, ಕಥೆ, ಆಚರಣೆ, ಜಾತ್ರೆಗಳ ಸುತ್ತ ಬೆಳೆದು ಬಂದುದಾಗಿದೆ. ಹಾಡುವ ಜನರೇ ತೆರಿಗೆಯನ್ನೂ ಕಟ್ಟುತ್ತಾರೆ, ನಲ್ಲಿಯ ಮುಂದೆ ಕೊಡ ಹಿಡಿದು ನಿಲ್ಲುತ್ತಾರೆ, ವಾರ್ಡಿನ ಸದಸ್ಯನನ್ನು ದಾರಿಯಲ್ಲಿ ತಡೆದು ಕೇಳುತ್ತಾರೆ ಎಂಬುದನ್ನು ನಾವು ಧ್ವನಿಮುದ್ರಣ ಯಂತ್ರವನ್ನು ಆರಿಸಿದ ಮೇಲಷ್ಟೇ ಕೇಳಿಸಿಕೊಂಡಿದ್ದೇವೆ. ಬೆಳಗಾವಿ ನಗರ, ಅದರ ಪೂರ್ವಕ್ಕಿರುವ ಸಾಂಬ್ರಾ, ದಕ್ಷಿಣದ ಖಾನಾಪುರ ಸೀಮೆ ಇವುಗಳನ್ನು ಒಂದು ಪರಿಸರವಾಗಿ ಇಟ್ಟುಕೊಂಡು, ಸ್ಥಳೀಯ ಸಂಸ್ಥೆಗಳ ಹಣಕಾಸಿನ ತೀರ್ಮಾನಗಳನ್ನೂ ಠರಾವುಗಳನ್ನೂ ಜನರು ಯಾವ ರೂಢಿಯ ಮೂಲಕ ಅರ್ಥಮಾಡಿಕೊಳ್ಳುತ್ತಾರೆ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಮೂರೂ ಕಡೆಗಳಲ್ಲಿ ಆಡಳಿತದ ಸ್ವರೂಪ ಒಂದೇ ಅಲ್ಲ. ಬೆಳಗಾವಿಯಲ್ಲಿ 1851ರಷ್ಟು ಹಿಂದೆಯೇ ಪುರಸಭೆ ಸ್ಥಾಪನೆಯಾಗಿ 1984ರಲ್ಲಿ ಅದು ಮಹಾನಗರಪಾಲಿಕೆಯಾಯಿತು. ಖಾನಾಪುರದಲ್ಲಿರುವುದು ಪಟ್ಟಣ ಪಂಚಾಯಿತಿ. 1942ರಲ್ಲಿ ಯುದ್ಧಕಾಲದ ಅಗತ್ಯಕ್ಕಾಗಿ ನಿರ್ಮಾಣವಾದ ವಿಮಾನನಿಲ್ದಾಣದಿಂದ ಹೆಸರಾದ ಸಾಂಬ್ರಾ ಇಂದಿಗೂ ಗ್ರಾಮ ಪಂಚಾಯಿತಿಯ ಆಡಳಿತಕ್ಕೆ ಸೇರಿದ ಊರು. ಮೂರಕ್ಕೂ ಬೇರೆ ಬೇರೆ ಕಾಯಿದೆಗಳಿವೆ. ಆದರೆ ಜನರ ಬಾಯಲ್ಲಿ ಈ ಭೇದಗಳು ಅಷ್ಟಾಗಿ ಉಳಿಯುವುದಿಲ್ಲ. ಮನೆಯ ತೆರಿಗೆ ಎಲ್ಲ ಕಡೆಯೂ ‘ಮನೆಪಟ್ಟಿ’, ನೀರಿನ ಶುಲ್ಕ ‘ನೀರಪಟ್ಟಿ’. ಇದೇ ಜನ ಊರಜಾತ್ರೆಗೆಂದು ಮನೆಮನೆಯಿಂದ ಎತ್ತುವ ಹಣಕ್ಕೂ ಪಟ್ಟಿ ಎಂದೇ ಹೇಳುತ್ತಾರೆ. ಮರಾಠಿ ಮಾತಾಡುವ ಮನೆಗಳಲ್ಲಿಯೂ ಶಬ್ದ ಇದೇ ಆಗಿದೆ. ಈ ಶಬ್ದಸಾಮ್ಯವು ಆಕಸ್ಮಿಕವೆಂದು ಬಿಟ್ಟುಬಿಡುವಂಥದಲ್ಲ ಎಂಬುದು ನನ್ನ ಅಭಿಪ್ರಾಯ.

ಜಾತ್ರೆಯ ಪಟ್ಟಿಯ ರೀತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಬೆಳಗಾವಿ ಸುತ್ತಲಿನ ಹಳ್ಳಿಗಳಲ್ಲಿ ಗ್ರಾಮದೇವತೆ ಲಕ್ಷ್ಮಿಯ ದೊಡ್ಡ ಜಾತ್ರೆ ಪ್ರತಿವರ್ಷ ನಡೆಯುವುದಿಲ್ಲ. ಹಲವು ವರ್ಷಗಳಿಗೊಮ್ಮೆ, ಕೆಲವೆಡೆ ಒಂದು ತಲೆಮಾರಿಗೊಮ್ಮೆ ನಡೆಯುತ್ತದೆ. ಅದಕ್ಕೆ ಮೊದಲು ‘ದೈವ’ ಕೂಡಬೇಕು. ಕರಾವಳಿಯವರು ದೈವವೆಂದರೆ ಭೂತವೆಂದು ತಿಳಿಯುತ್ತಾರೆ. ಈ ಭಾಗದಲ್ಲಿ ದೈವವೆಂದರೆ ಊರ ಹಿರಿಯರ ಸಭೆ. ತೇರು ಕಟ್ಟಿಸುವುದು, ಬಣ್ಣ ಮಾಡಿಸುವುದು, ಬೀಗರಿಗೆ ನೀರಿನ ವ್ಯವಸ್ಥೆ, ಹೊನ್ನಾಟದ ಭಂಡಾರ ಹೀಗೆ ಒಂದೊಂದಕ್ಕೂ ಖರ್ಚಿನ ಅಂದಾಜು ಮಾಡುತ್ತಾರೆ. ಅನಂತರ ಮನೆಗೆ ಇಷ್ಟು, ಎತ್ತಿನ ಜೋಡಿಗೆ ಇಷ್ಟು, ಹೊಲದ ಎಕರೆಗೆ ಇಷ್ಟು ಎಂದು ಪಟ್ಟಿ ಹಾಕುತ್ತಾರೆ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಪಟ್ಟಿ ಹಾಕದೆ ಎದ್ದುಹೋದ ಸಭೆ ಜಾತ್ರೆಯನ್ನು ಗೊತ್ತುಮಾಡಿತೆಂದು ಯಾರೂ ಹೇಳುವುದಿಲ್ಲ. ‘ಮಾತಾತು, ಇನ್ನ ಠರಾವ ಆಗಿಲ್ಲ’ ಎನ್ನುವುದು ರೂಢಿಯ ಮಾತು. ಅಂದರೆ ಖರ್ಚಿನ ಬಾಬತ್ತೂ ಕೊಡುವವರ ಹೆಸರೂ ಜೊತೆಗೂಡಿದಾಗ ಮಾತ್ರ ಮಾತು ಠರಾವಾಗುತ್ತದೆ. ಜಾತ್ರೆ ಮುಗಿದ ಮೇಲೆ ಮತ್ತೆ ದೈವ ಕೂಡಿ ಜಮಾ ಖರ್ಚನ್ನು ಓದಿ ಒಪ್ಪಿಸಬೇಕು. ಓದದ ಲೆಕ್ಕ ಕೊಟ್ಟ ಲೆಕ್ಕವಲ್ಲ. ಲೆಕ್ಕದ ತಕರಾರಿನಿಂದ ದೈವ ಒಡೆದು, ಮುಂದಿನ ಜಾತ್ರೆ ವರ್ಷಾನುಗಟ್ಟಲೆ ನಿಂತುಹೋಗುವುದೂ ಉಂಟು.

ಶಾಸನಬದ್ಧ ಆಯವ್ಯಯದ ಕ್ರಮ ಹೊರನೋಟಕ್ಕೆ ಇದರಿಂದ ಬಹಳ ದೂರವಾದುದು. ಕರ್ನಾಟಕ ಪೌರನಿಗಮಗಳ ಕಾಯಿದೆ 1976ರಂತೆ ಆಯುಕ್ತರು ಮುಂದಿನ ವರ್ಷದ ಆದಾಯ ಮತ್ತು ವೆಚ್ಚದ ಅಂದಾಜನ್ನು ಸಿದ್ಧಪಡಿಸುತ್ತಾರೆ. ತೆರಿಗೆ ಮತ್ತು ಹಣಕಾಸಿನ ಸ್ಥಾಯಿ ಸಮಿತಿ ಅದನ್ನು ಪರಿಶೀಲಿಸಿ ಪಾಲಿಕೆಯ ಸಭೆಯ ಮುಂದಿಡುತ್ತದೆ. ಸಭೆ ಅಂಗೀಕರಿಸಿದ ಮೇಲೆ ಅದು ಸರ್ಕಾರಕ್ಕೆ ಹೋಗುತ್ತದೆ. ಗ್ರಾಮ ಪಂಚಾಯಿತಿಗೆ 1993ರ ಕಾಯಿದೆಯು ಗ್ರಾಮಸಭೆಯನ್ನು ವಿಧಿಸಿದೆ. ಬೇಡಿಕೆಗಳೂ ಫಲಾನುಭವಿಗಳ ಪಟ್ಟಿಯೂ ಅಲ್ಲಿ ಚರ್ಚೆಗೆ ಬರಬೇಕು. (ಇಲ್ಲಿ ಪಟ್ಟಿಯೆಂದರೆ ಕೊಡುವವರ ಹೆಸರಲ್ಲ, ಪಡೆಯುವವರ ಹೆಸರು. ಶಬ್ದವೊಂದು ಸದ್ದಿಲ್ಲದೆ ತಿರುಗಿಕೊಂಡಿರುವುದನ್ನು ಭಾಷಾಭ್ಯಾಸಿಗಳು ಗಮನಿಸಬಹುದು.) ‘ಆಯ’ ಎಂಬ ಶಬ್ದಕ್ಕೂ ಇಂಥದೇ ಗತಿ. ಕಚೇರಿಯ ಆಯವ್ಯಯದಲ್ಲಿ ಆಯವೆಂದರೆ ಬರುವ ಹಣ. ಒಕ್ಕಲಿಗನಿಗೆ ಆಯವೆಂದರೆ ಸುಗ್ಗಿಯ ಕಣದಲ್ಲಿ ಬಡಿಗ, ಕಂಬಾರ, ಕುಂಬಾರ, ಅಗಸ ಮುಂತಾದ ಆಯಗಾರರಿಗೆ ಅಳೆದು ಕೊಡುವ ಕಾಳು. ಒಂದೇ ಶಬ್ದ ಒಬ್ಬನಿಗೆ ಬರುವ ಬಾಗಿಲು, ಇನ್ನೊಬ್ಬನಿಗೆ ಹೋಗುವ ಬಾಗಿಲು.

ಬ್ರಿಟಿಷರ ಕಾಲದ ಪುರಸಭೆಯ ಮೂಲದಲ್ಲಿಯೂ ಪಟ್ಟಿಯ ಕಲ್ಪನೆಯ ನೆರಳಿತ್ತು. 1850ರ 26ನೆಯ ಕಾಯಿದೆಯು ಊರಿನ ನಿವಾಸಿಗಳು ಬಯಸಿದರೆ ಮಾತ್ರ ಅಲ್ಲಿ ಪುರಸಭೆಯನ್ನು ಸ್ಥಾಪಿಸಲು ಅವಕಾಶ ಕೊಟ್ಟಿತ್ತು. ಮುಂದೆ ಮುಂಬಯಿ ಪ್ರಾಂತದ ಪುರಸಭೆಗಳ ಮುಖ್ಯ ಆದಾಯ ಜಕಾತಿಯಾಯಿತು. ಊರ ಅಂಚಿನ ನಾಕಾದಲ್ಲಿ ಬಂಡಿ ನಿಲ್ಲಿಸಿ ವಸೂಲು ಮಾಡುತ್ತಿದ್ದ ಈ ಹಣ ಕಣ್ಣಿಗೆ ಕಾಣುವ ಹಣವಾಗಿತ್ತು. ಕರ್ನಾಟಕದಲ್ಲಿ 1979ರಲ್ಲಿ ಜಕಾತಿ ರದ್ದಾಯಿತು. ವ್ಯಾಪಾರಕ್ಕೆ ಇದರಿಂದ ಅನುಕೂಲವಾಯಿತು, ನಿಜ. ಆದರೆ ಸ್ಥಳೀಯ ಸಂಸ್ಥೆಗಳು ಸರ್ಕಾರದ ಅನುದಾನದ ಕಡೆಗೆ ನೋಡುವುದು ಅಲ್ಲಿಂದೀಚೆಗೆ ಹೆಚ್ಚಾಯಿತು. ಅನುದಾನದ ಹಣಕ್ಕೆ ಕೊಟ್ಟವರ ಹೆಸರಿಲ್ಲ. ಆದ್ದರಿಂದ ‘ಸರ್ಕಾರದ ರೊಕ್ಕ’ ಎಂಬ ಮಾತು ರೂಢಿಗೆ ಬಂದಿತು. ಪಟ್ಟಿ ಕೊಟ್ಟವನು ಲೆಕ್ಕ ಕೇಳುವಷ್ಟು ಬಿಗಿಯಾಗಿ ಸರ್ಕಾರದ ರೊಕ್ಕದ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ಈ ಹಿನ್ನೆಲೆಯಲ್ಲಿ ಬೆಳಗಾವಿಯ ಎರಡು ಠರಾವುಗಳನ್ನು ಹೋಲಿಸಿ ನೋಡುವುದು ಉಪಯುಕ್ತ.

ಮೊದಲನೆಯದು ಬಾವಿಗಳಿಗೆ ಸಂಬಂಧಿಸಿದ್ದು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆಯಿತು. ಅಧಿವೇಶನದ ನೆಲೆಗೆ ವಿಜಯನಗರವೆಂದೂ ಅಲ್ಲಿ ತೋಡಿಸಿದ ಬಾವಿಗೆ ಪಂಪಾಸರೋವರವೆಂದೂ ಹೆಸರಿಟ್ಟರು. ಜನರ ಬಾಯಲ್ಲಿ ಅದು ‘ಕಾಂಗ್ರೆಸ್ ಬಾವಿ’ಯಾಗಿ ಉಳಿದಿದೆ. ಅದಕ್ಕೆ ತಗಲಿದ ವೆಚ್ಚ 4,370 ರೂಪಾಯಿ 3 ಆಣೆ. ಸಾವಿರಗಳ ಜೊತೆಗೆ ಮೂರು ಆಣೆಯೂ ದಾಖಲಾಗಿ ಇಂದಿಗೂ ನೆನಪಿನಲ್ಲಿರುವುದು ಗಮನಾರ್ಹ. ಜಾತ್ರೆಯ ಲೆಕ್ಕವನ್ನು ಓದುವ ಶೈಲಿಯೂ ಹೀಗೆಯೇ ಇರುತ್ತದೆ. ಮುಂದೆ ಮಾರ್ಕಂಡೇಯ ನದಿಯ ರಾಕಸಕೊಪ್ಪ ಜಲಾಶಯದಿಂದಲೂ ಅನಂತರ ಘಟಪ್ರಭೆಯ ಹಿಡಕಲ್ ಜಲಾಶಯದಿಂದಲೂ ಕೊಳವೆಯ ನೀರು ಬಂದಾಗ ನಗರದ ಬಾವಿಗಳನ್ನು ಕೇಳುವವರಿಲ್ಲವಾಯಿತು. ಕೆಲವು ಹೂಳು ತುಂಬಿದವು, ಕೆಲವು ಕಸದ ಗುಂಡಿಗಳಾದವು. 1995ರಲ್ಲಿ ತೀವ್ರ ಬರಗಾಲ ಬಂದಿತು. ಜಲಾಶಯಗಳ ನೀರು ಸಾಲದಾದಾಗ ಪಾಲಿಕೆಯು ಹಳೆಯ ತೆರೆದ ಬಾವಿಗಳ ಕಡೆಗೆ ತಿರುಗಿತು. ಕಾಂಗ್ರೆಸ್ ಬಾವಿಯೂ ಸೇರಿದಂತೆ ದೊಡ್ಡ ಬಾವಿಗಳ ಹೂಳೆತ್ತಿಸಿ, ಪಂಪು ಕೂಡಿಸಿ, ನೀರನ್ನು ಶುದ್ಧಮಾಡಿ ಸುತ್ತಲಿನ ಬಡಾವಣೆಗಳಿಗೆ ಕೊಡುವ ಕಾರ್ಯ ಆರಂಭವಾಯಿತು. ಆಗಿನ ಸಭೆಗಳಲ್ಲಿ ಯಾರು ಏನು ಭಾಷಣ ಮಾಡಿದರೆಂಬುದನ್ನು ಇಂದು ಯಾರೂ ನೆನೆಯುವುದಿಲ್ಲ. ಬಾವಿಯಲ್ಲಿ ನೀರು ಕಂಡಿತು ಎಂಬುದನ್ನು ನೆನೆಯುತ್ತಾರೆ.

ಈ ಕಾರ್ಯಕ್ಕೆ ಜನರ ಒಪ್ಪಿಗೆ ಸುಲಭವಾಗಿ ದೊರೆತುದಕ್ಕೆ ಬಾವಿಯ ಆಚರಣಾ ಪರಂಪರೆಯೂ ಕಾರಣವಾಗಿರಬೇಕೆಂದು ನಾನು ಊಹಿಸುತ್ತೇನೆ. ಹೆತ್ತ ತಾಯಿ ಗಂಗೆಯ ಪೂಜೆ ಮಾಡಿ ನೀರು ತರುವುದು, ಮದುವೆಯಲ್ಲಿ ಗಂಗೆಯನ್ನು ತರುವುದು ಮೊದಲಾದ ಸಂದರ್ಭಗಳಲ್ಲಿ ಬಾವಿಯು ಇಂದಿಗೂ ಬೇಕಾಗುತ್ತದೆ. ಮನೆಯ ನಲ್ಲಿಗೆ ಪೂಜೆ ಸಲ್ಲಿಸಿದರೂ ಮುದುಕಿಯರು ಅದನ್ನು ಅಷ್ಟಾಗಿ ಒಪ್ಪುವುದಿಲ್ಲ.

ಆದರೆ ಹಳೆಯ ಸಮುದಾಯವನ್ನು ಹೊಗಳಿ ಮುಗಿಸಿದರೆ ಅರ್ಧಸತ್ಯ ಹೇಳಿದಂತಾದೀತು. ಪಟ್ಟಿ ಕೊಟ್ಟವರೆಲ್ಲರಿಗೂ ದೈವದ ಕಟ್ಟೆಯ ಮೇಲೆ ಕೂಡ್ರುವ ಹಕ್ಕಿರಲಿಲ್ಲ. ದಲಿತರಿಗೆ ಬಾವಿಯ ಗಡಗಡೆಯನ್ನು ಮುಟ್ಟುವ ಹಕ್ಕೂ ಇರಲಿಲ್ಲ. ಹೆಂಗಸರ ಮಾತು ಸಭೆಗೆ ಬರುತ್ತಿರಲಿಲ್ಲ. ನಮ್ಮ ‘ಕೆರೆಗೆ ಹಾರ’ ಕಥನಗೀತೆಯಲ್ಲಿ ಕೆರೆಗೆ ನೀರು ಬಾರದಾದಾಗ ಹಿರಿಯರು ಕೂಡಿ ತೀರ್ಮಾನ ಮಾಡುತ್ತಾರೆ. ಬಲಿಯಾಗಬೇಕಾದ ಕಿರಿಯ ಸೊಸೆ ಭಾಗೀರಥಿ ಆ ಸಭೆಯಲ್ಲಿರುವುದಿಲ್ಲ. ತ್ಯಾಗದ ಹಾಡೆಂದು ನಾವು ಅದನ್ನು ಬಹುಕಾಲ ಪಾಠ ಮಾಡಿದೆವು. ವೆಚ್ಚ ಯಾರ ಮೇಲೆ ಬಿತ್ತು, ಅವರನ್ನು ಕೇಳಿದರೇ ಎಂದು ನೋಡಿದರೆ ಅದೊಂದು ಸಾರ್ವಜನಿಕ ಕಾಮಗಾರಿಯ ಕಥೆಯೂ ಆಗಿದೆ.

ಠರಾವು ಕೇವಲ ಕಾಗದದಲ್ಲಿ ಉಳಿದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಉದಾಹರಣೆಯೊಂದಿದೆ. ಬೆಳಗಾವಿಯೂ ಸೇರಿದ್ದ ಮುಂಬಯಿ ಪ್ರಾಂತದ ಶಾಸನಸಭೆಯಲ್ಲಿ 1923ರಲ್ಲಿ ಎಸ್. ಕೆ. ಬೋಳೆಯವರು ಮಂಡಿಸಿದ ಠರಾವು ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರಿಗೂ ತೆರೆಯಬೇಕೆಂದಿತು. ಕೊಂಕಣದ ಮಹಾಡದ ಪುರಸಭೆ 1924ರಲ್ಲಿ ಅದನ್ನು ಒಪ್ಪಿ ತನ್ನದೇ ಠರಾವು ಮಾಡಿತು. ಕೆರೆಯ ನೀರು ಮಾತ್ರ ದಲಿತರಿಗೆ ದೊರೆಯಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರರು ಜನರೊಡನೆ ಹೋಗಿ ಚವದಾರ ಕೆರೆಯ ನೀರು ಕುಡಿದ ಮೇಲೆ, ಅದೇ ವರ್ಷ ಪುರಸಭೆ ತನ್ನ ಠರಾವನ್ನೇ ಹಿಂತೆಗೆದುಕೊಂಡಿತು. ಇಂದು ಕರ್ನಾಟಕದ ಪೌರಸಂಸ್ಥೆಗಳು ಪರಿಶಿಷ್ಟರ ಕಲ್ಯಾಣಕ್ಕೆ ಶೇ. 24.10ರಷ್ಟು ಹಣವನ್ನು ಬೇರೆಯಾಗಿ ತೆಗೆದಿಡಬೇಕೆಂಬ ನಿಯಮವಿದೆ. ಸದುದ್ದೇಶವನ್ನು ಬಾಬತ್ತಿಗೆ ಕಟ್ಟಿಹಾಕಿದ ಕ್ರಮವಿದು. ಆ ಹಣ ಖರ್ಚಾಗದೆ ಉಳಿಯುತ್ತದೆಂಬ ದೂರು ರಾಜ್ಯದ ಅನೇಕ ಕಡೆಗಳಿಂದ ಕೇಳಿಬರುತ್ತಿರುವುದೂ ಸುಳ್ಳಲ್ಲ.

ಇನ್ನು ಬೆಳಗಾವಿಯ ಎರಡನೆಯ ಠರಾವು. 2005ರ ಅಕ್ಟೋಬರ್ ಕೊನೆಯಲ್ಲಿ ಪಾಲಿಕೆಯ ಬಹುಮತವು ಗಡಿಭಾಗವನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂದು ಠರಾವು ಮಾಡಿತು. ನಾಡಿನಾದ್ಯಂತ ಪ್ರತಿಭಟನೆಗಳಾದವು, ಬೆಂಗಳೂರಿನಲ್ಲಿ ಮೇಯರ್ ವಿಜಯ ಮೋರೆಯವರ ಮುಖಕ್ಕೆ ಮಸಿ ಬಳಿಯಲಾಯಿತು, ನವೆಂಬರಿನಲ್ಲಿ ರಾಜ್ಯ ಸರ್ಕಾರ ಪಾಲಿಕೆಯನ್ನು ವಜಾಗೊಳಿಸಿತು. ನವೆಂಬರ್ 1ರ ಕರಾಳ ದಿನಾಚರಣೆಯಲ್ಲಿ ಮೇಯರ್ ಪಾಲ್ಗೊಂಡ ವಿವಾದದ ಬೆನ್ನಲ್ಲಿ 2011ರ ಡಿಸೆಂಬರಿನಲ್ಲಿಯೂ ಪಾಲಿಕೆ ವಜಾ ಆಯಿತು. ಗಡಿಯ ನ್ಯಾಯಾನ್ಯಾಯವನ್ನು ಇಲ್ಲಿ ಚರ್ಚಿಸಬೇಕಾಗಿಲ್ಲ. ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿದೆ, 2004ರಲ್ಲಿ ಮಹಾರಾಷ್ಟ್ರ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿದೆ. ಜಾನಪದೀಯ ದೃಷ್ಟಿಯಿಂದ ಹೇಳಬೇಕಾದುದಿಷ್ಟೆ: ರಾಜ್ಯದ ಗಡಿಯನ್ನು ಬದಲಿಸುವುದು ಯಾವ ಪಾಲಿಕೆಯ ಕೈಯಲ್ಲಿಯೂ ಇಲ್ಲ, ಆ ಠರಾವಿಗೆ ಬಾಬತ್ತೂ ಇರಲಿಲ್ಲ, ಪಟ್ಟಿಯೂ ಇರಲಿಲ್ಲ. ದೈವದ ರೂಢಿಯಲ್ಲಿ ಅದನ್ನು ಠರಾವೆನ್ನದೆ ಮಾತೆನ್ನುತ್ತಿದ್ದರು. ಆದರೂ ಅದರ ವೆಚ್ಚ ಮಾತ್ರ ನಿಜವಾಗಿತ್ತು. ಸಭೆಯೇ ಇಲ್ಲವಾದಾಗ ಗಟಾರ, ಬೀದಿದೀಪ, ನೀರಿನ ಬಾಬತ್ತುಗಳನ್ನು ಆಡಳಿತಾಧಿಕಾರಿ ಒಬ್ಬರೇ ಕುಳಿತು ಬರೆಯಬೇಕಾಯಿತು. ಕನ್ನಡದ ಓಣಿ, ಮರಾಠಿಯ ಗಲ್ಲಿ ಎಂಬ ಭೇದವಿಲ್ಲದೆ ಎರಡೂ ಕಡೆಯವರು ಪ್ರಶ್ನಿಸಲು ಸದಸ್ಯನಿಲ್ಲದೆ ಪಟ್ಟಿ ಕಟ್ಟಿದರು.

ಸಭೆಯಿಲ್ಲದ ಕಾಲ ವಜಾದಿಂದ ಮಾತ್ರ ಬರುವುದಿಲ್ಲ. 2019ರಲ್ಲಿ ಅವಧಿ ಮುಗಿದ ಮೇಲೆ ಪಾಲಿಕೆಯ 58 ವಾರ್ಡುಗಳಿಗೆ ಚುನಾವಣೆ ನಡೆದುದು 2021ರ ಸೆಪ್ಟೆಂಬರಿನಲ್ಲಿ. ರಾಜಕೀಯ ಪಕ್ಷಗಳು ತಮ್ಮ ಚಿಹ್ನೆಗಳ ಮೇಲೆ ಸ್ಪರ್ಧಿಸಿದ ಮೊದಲ ಚುನಾವಣೆ ಅದು. ಭಾಷೆಯ ಗುಂಪುಗಳ ನಡುವೆ ನಡೆಯುತ್ತಿದ್ದ ಹಳೆಯ ಹಣಾಹಣಿ ಇದರಿಂದ ಹಿಂದೆ ಸರಿಯಿತು. ಆದರೆ ಮೇಯರ್ ಆಯ್ಕೆಯಾದುದು 2023ರ ಫೆಬ್ರವರಿಯಲ್ಲಿ. ಆರಿಸಿಬಂದ ಸದಸ್ಯರು ಅಲ್ಲಿಯವರೆಗೆ ಒಂದು ಠರಾವನ್ನೂ ಮಾಡುವಂತಿರಲಿಲ್ಲ. ಪಟ್ಟಿ ಎತ್ತಿ, ದೈವವನ್ನು ಕೂಡಿಸದೆ ಜಾತ್ರೆ ಮಾಡಿದ ಸ್ಥಿತಿ ಇದು ಎಂದರೆ ಈ ಭಾಗದವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಭಾಷೆಯ ಬಗೆಗೆ ಇನ್ನೊಂದು ಮಾತು. ಸ್ಥಳೀಯ ಪ್ರಾಧಿಕಾರಗಳ ರಾಜಭಾಷಾ ಕಾಯಿದೆ 1981ರ ಪ್ರಕಾರ ಪಾಲಿಕೆಯ ವ್ಯವಹಾರ ಕನ್ನಡದಲ್ಲಿರಬೇಕು. ನಡಾವಳಿಯ ಪ್ರತಿಗಳನ್ನು ಮರಾಠಿಯಲ್ಲಿಯೂ ಕೊಡಬೇಕೆಂಬ ಬೇಡಿಕೆ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ. ನಡಾವಳಿಯ ಭಾಷೆಯ ಬಗೆಗೆ ಇಷ್ಟು ಜಗಳವಾದರೂ ಹಣದ ಭಾಷೆ ಇಬ್ಬರಿಗೂ ಒಂದೇ ಎಂಬುದು ಸ್ವಾರಸ್ಯಕರ. ಜಮಾ, ಖರ್ಚು, ಬಾಕಿ, ಬಾಬತ್ತು, ಠರಾವು, ಪಟ್ಟಿ ಇವುಗಳಲ್ಲಿ ಯಾವುದನ್ನೂ ಒಬ್ಬರು ಇನ್ನೊಬ್ಬರಿಗೆ ಅನುವಾದಿಸಿ ಹೇಳಬೇಕಾಗಿಲ್ಲ. ‘ಆಯವ್ಯಯ’, ‘ನಿರ್ಣಯ’, ‘ಶೀರ್ಷಿಕೆ’ ಎಂಬ ಕಚೇರಿಯ ಶಬ್ದಗಳು ಕನ್ನಡಿಗನಿಗೂ ಮರಾಠಿಗನಿಗೂ ಸಮಾನವಾಗಿ ದೂರದವು.

ಸಾಂಬ್ರಾದ ಕಡೆಯ ಮನೆಗಳಲ್ಲಿ ಕಾಗದಪತ್ರಗಳನ್ನು ಇಡುವ ಹಳೆಯ ಪದ್ಧತಿಯೊಂದನ್ನು ಇನ್ನೂ ಕಾಣಬಹುದು. ಗೋಡೆಯ ಮೊಳೆಗೆ ತೂಗುಹಾಕಿದ ತಂತಿಯ ಕೊಕ್ಕೆಗೆ ಪಾವತಿಗಳನ್ನು ಒಂದರ ಮೇಲೊಂದು ಚುಚ್ಚಿ ಇಡುತ್ತಾರೆ. ಪಂಚಾಯಿತಿಯ ಮನೆಪಟ್ಟಿಯ ಪಾವತಿ, ಅದರ ಮೇಲೆ ಜಾತ್ರಾ ಕಮಿಟಿಯ ಪಾವತಿ, ಮತ್ತೆ ನೀರಪಟ್ಟಿಯದು. ಬೇರೆಬೇರೆ ಕೊಕ್ಕೆಗಳನ್ನು ನಾನು ಎಲ್ಲಿಯೂ ನೋಡಲಿಲ್ಲ.