ಹತ್ತು ಡಾಲರಿಗೆ ಮಾರಿದ ಬಂಗಲೆ

ರಾಜತಾಂತ್ರಿಕ ಸಂಬಂಧವಿಲ್ಲದ ನಾಡುಗಳ ನಡುವೆಯೂ ವ್ಯಾಪಾರ ನಡೆಯಬೇಕು, ವೀಸಾ ಸಿಗಬೇಕು, ಪಾಸ್‌ಪೋರ್ಟ್ ಕಳೆದುಕೊಂಡವರನ್ನು ಊರಿಗೆ ಕಳಿಸಬೇಕು. ಅದಕ್ಕಾಗಿ ಹುಟ್ಟಿಕೊಂಡವು ಸಂಘ, ಸಂಸ್ಥೆ, ಕೇಂದ್ರ ಎಂಬ ಸಾಧು ಫಲಕ ತೂಗುಹಾಕಿಕೊಂಡ ಕಚೇರಿಗಳು. ಇವನ್ನು ತೈವಾನಿನಷ್ಟು ನೆಚ್ಚಿಕೊಂಡವರು ವಿರಳ.

1972ರಲ್ಲಿ ಬೀಜಿಂಗಿಗೆ ಮಾನ್ಯತೆ ಕೊಟ್ಟ ಜಪಾನ್, ತೈಪೆಯ ರಾಯಭಾರ ಕಚೇರಿ ಮುಚ್ಚಿತು. ವರ್ಷ ಮುಗಿಯುವುದರೊಳಗೆ ಖಾಸಗಿ ಸಂಘವೊಂದನ್ನು ಕಟ್ಟಿ ಅದಕ್ಕೇ ಕೆಲಸ ವಹಿಸಿತು. ಮುಂದಿನವರಿಗೆ ಇದೇ ಮೇಲ್ಪಂಕ್ತಿ.

ಅಮೆರಿಕದ ಸರದಿ 1978ರಲ್ಲಿ ಬಂತು. ಜನವರಿ 1ರಿಂದ ಬೀಜಿಂಗ್ ಸರ್ಕಾರಕ್ಕೇ ಮಾನ್ಯತೆ ಎಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಘೋಷಿಸಿದ್ದು ಡಿಸೆಂಬರ್ 15ರಂದು. ತೈಪೆಯ ಕೈಯಲ್ಲಿ ಉಳಿದದ್ದು ಎರಡೇ ವಾರ. ವಾಷಿಂಗ್ಟನ್ನಿನಲ್ಲಿ ಅದರ ರಾಯಭಾರಿಯ ನಿವಾಸ ‘ಟ್ವಿನ್ ಓಕ್ಸ್’. ಟೆಲಿಫೋನಿನ ಗ್ರಹಾಂ ಬೆಲ್‌ಗೆ ಹೆಣ್ಣು ಕೊಟ್ಟ ಮಾವ ಗಾರ್ಡಿನರ್ ಹಬ್ಬರ್ಡ್ 1888ರಲ್ಲಿ ಕಟ್ಟಿಸಿದ 26 ಕೋಣೆಗಳ ಬಂಗಲೆ, ಸುತ್ತ 18 ಎಕರೆ. ಮಾನ್ಯತೆಯ ಬೆನ್ನಿಗೆ ಇದೂ ಬೀಜಿಂಗಿನ ಪಾಲಾಗುವ ಭಯ. ಆ ತಿಂಗಳಲ್ಲೇ ‘ಫ್ರೆಂಡ್ಸ್ ಆಫ್ ಫ್ರೀ ಚೈನಾ’ ಎಂಬ ಅಮೆರಿಕನ್ ಸಂಘಕ್ಕೆ ಬಂಗಲೆಯನ್ನು ಕ್ರಯಕ್ಕೆ ಕೊಟ್ಟರು. ಬೆಲೆ 10 ಡಾಲರ್! ಕಾನೂನಿನ ಕಣ್ಣಿಗೆ ಅದು ಮಾರಾಟ. ಉಳಿದವರಿಗೆಲ್ಲ ಅಡವಿಟ್ಟು ಕಾಪಾಡುವ ಉಪಾಯ.

1979ರ ಏಪ್ರಿಲ್‌ನಲ್ಲಿ ಬಂದ ತೈವಾನ್ ಸಂಬಂಧಗಳ ಕಾಯ್ದೆ ಹಳೆಯ ಆಸ್ತಿಹಕ್ಕನ್ನು ಉಳಿಸಿತು. 1982ರಲ್ಲಿ ಬಂಗಲೆ ಮರಳಿತು. ಆದರೆ ಪ್ರತಿನಿಧಿ ಅಲ್ಲಿ ಸಂಸಾರ ಹೂಡುವಂತಿಲ್ಲ, ಔತಣ ಮಾತ್ರ ನಡೆಸಬಹುದು. 2015ರ ಹೊಸ ವರ್ಷದ ದಿನ ಅಂಗಳದಲ್ಲಿ ತಮ್ಮ ಬಾವುಟ ಏರಿಸಿದರು. ಚೀನಾ ಕೆರಳಿತು, ಅಮೆರಿಕವೂ ಆಕ್ಷೇಪಿಸಿತು. ಸ್ವಂತ ಮನೆಯಲ್ಲೇ ಹೀಗೆ ಅಂಜಿ ಇರಬೇಕಾದದ್ದು ಈ ವ್ಯವಸ್ಥೆಯ ಸಣ್ಣತನವೇ ಸರಿ.

ಅಮೆರಿಕ ತನ್ನ ಪಾಲಿಗೆ ಸ್ಥಾಪಿಸಿದ್ದು ‘ಅಮೆರಿಕನ್ ಇನ್‌ಸ್ಟಿಟ್ಯೂಟ್ ಇನ್ ತೈವಾನ್’. ನೋಂದಣಿಯಲ್ಲಿ ಅದು ಲಾಭರಹಿತ ಖಾಸಗಿ ಸಂಸ್ಥೆ, ಹಣ ಸರ್ಕಾರದ್ದು. ವಿದೇಶಾಂಗ ಇಲಾಖೆಯ ಅಧಿಕಾರಿಗಳು ಸೇವೆಯಿಂದ ತಾತ್ಕಾಲಿಕವಾಗಿ ಬಿಡುಗಡೆ ಪಡೆದು ಅಲ್ಲಿ ದುಡಿದು, ಅವಧಿ ಮುಗಿಸಿ ಇಲಾಖೆಗೆ ಮರಳುತ್ತಿದ್ದರು. ಪಿಂಚಣಿಗೂ ಧಕ್ಕೆಯಿಲ್ಲ!

1949ರ ಡಿಸೆಂಬರಿನಲ್ಲೇ ಕಮ್ಯುನಿಸ್ಟ್ ಚೀನಾಕ್ಕೆ ಮಾನ್ಯತೆ ನೀಡಿದ್ದ ಭಾರತ ಈ ದಾರಿಗೆ ಬಂದದ್ದು ತಡವಾಗಿ. 1995ರಲ್ಲಿ ತೈಪೆಯಲ್ಲಿ ‘ಇಂಡಿಯಾ-ತೈಪೆ ಅಸೋಸಿಯೇಷನ್’ ತೆರೆಯಿತು. ದೆಹಲಿಯಲ್ಲಿ ತೈವಾನ್ ತನ್ನ ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರ ಆರಂಭಿಸಿತು. ಅದರ ಚೆನ್ನೈ ಶಾಖೆ 2012ರದು, ಮುಂಬೈಯದು 2024ರದು. ತೈವಾನಿಗೆ ಹೊರಟ ಬೆಂಗಳೂರಿನವರ ವೀಸಾ ಅರ್ಜಿಗಳು ಚೆನ್ನೈ ಕೇಂದ್ರದ ವ್ಯಾಪ್ತಿಗೆ ಸೇರುತ್ತವೆ.